ಹಲ್ಲಲ್ಲಿ ಕಚ್ಚಿದ ಚಾವಿ

ಬೋಟಿಗೆ ಇಳಿಯುವ ಮೊದಲು ಅನುಸೂಯಾ ತಾಳಿಯನ್ನು ಕುಪ್ಪಸದೊಳಗೆ ಸೇರಿಸಿದಳು, ಬಳೆಗಳನ್ನು ಮೇಲಕ್ಕೆ ಸರಿಸಿ ಅವುಗಳ ಮೇಲೊಂದು ಅರಿವೆ ಸುತ್ತಿ ಬಿಗಿದಳು, ಸೀರೆಗೆ ಕಚ್ಚೆ ಹಾಕಿದಳು. ಬಳೆ ತೆಗೆದಿಟ್ಟೇ ಹೋಗಬಹುದಿತ್ತು. ಆದರೆ ಗಂಡ ಬದುಕಿರುವಾಗ ಕೈ ಬರಿದು ಮಾಡಿಕೊಳ್ಳುವ ಧೈರ್ಯ ಕೃಷ್ಣೆಯ ಈ ದಂಡೆಯಲ್ಲಿ ಇನ್ನೂ ಯಾವ ಹೆಂಗಸಿಗೂ ಬಂದಿಲ್ಲ. ಮಷೀನಿಗೆ ಇದೆಲ್ಲ ತಿಳಿಯುವುದಿಲ್ಲ. ಅದಕ್ಕೆ ಸೆರಗು, ಬಳೆ, ಬೆರಳು ಎಲ್ಲ ಒಂದೇ.

ಬೆರಳಿನ ಮಾತು ಸುಮ್ಮನೆ ಬಂದದ್ದಲ್ಲ. ಅವಳ ಗಂಡ ಬಸವಂತನ ಬಲಗೈಯ ಎರಡು ಬೆರಳು ಹೋದದ್ದು ಇದೇ ಬೋಟಿನ ಇಂಜಿನ್ನಿನ ಬೆಲ್ಟಿನಲ್ಲಿ.

ಬೋಟೆಂದರೆ ದೊಡ್ಡದೇನಲ್ಲ. ಕಬ್ಬಿಣದ ತಗಡಿನ ಮೈ, ಅದರ ಹೊಟ್ಟೆಯಲ್ಲಿ ಹಳೆಯ ಜೀಪಿನದೊಂದು ಡೀಸೆಲ್ ಇಂಜಿನ್ನು. ಎದುರಿನ ಯಡೂರಿನ ದಂಡೆಗೆ ಜನರನ್ನು, ಮೋಟಾರ್ ಸೈಕಲ್ಲುಗಳನ್ನು, ಕುರಿ ಹಿಂಡನ್ನು, ವೀರಭದ್ರನಿಗೆ ನಡೆದುಕೊಳ್ಳುವ ಭಕ್ತರನ್ನು ದಾಟಿಸುವುದು ಅದರ ಕೆಲಸ. ಬಸವಂತ ಇಂಜಿನ್ನಿನ ಹತ್ತಿರ, ಅವನ ತಮ್ಮ ಬೀರದೇವ ಮುಂದೆ ಚುಕ್ಕಾಣಿ ಮತ್ತು ಚಾವಿಯ ಹತ್ತಿರ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ಸುಳ್ಳು ಮಾಡಿದ ಇಬ್ಬರು ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳಿದ ಜನವೇ ಮುಂದೆ ಬೇರೆ ಹೇಳಿತು. ಜನರ ನಾಲಗೆಗೆ ಎಲುಬಿಲ್ಲ.

ಆ ದಿನ ಮುಂಜಾನೆ ಚಾವಿ ತಿರುವಿದರೆ ಟಕ್ ಎಂಬ ಸದ್ದು ಬಿಟ್ಟು ಮತ್ತೇನೂ ಆಗಿರಲಿಲ್ಲ. ಬೀರದೇವ ಮತ್ತೆ ಮತ್ತೆ ತಿರುವಿದ. “ಬಿಡು ಇನ್ನ, ವಾಯರ್ ನೋಡ್ತೀನಿ” ಎಂದು ಬಸವಂತ ಹಿಂದಿನಿಂದ ಕೂಗಿ, ಬೆಲ್ಟಿನ ಸಂದಿಯಿಂದ ಕೈ ಹಾಕಿ ಬ್ಯಾಟರಿಯ ವಾಯರು ಅಲುಗಾಡಿಸಿದ. ಇಂಜಿನ್ನು ಗರ್ರನೆ ತಿರುಗಿಬಿಟ್ಟಿತು.

ತಾನು ಚಾವಿ ಬಿಟ್ಟಿದ್ದೆ ಎಂದು ಬೀರದೇವ ಅವತ್ತೇ ಹೇಳಿದ, ಆಮೇಲೂ ಹೇಳಿದ. ಚಾವಿ ಬಿಟ್ಟ ಮೇಲೆ ಮಷೀನು ತಾನಾಗಿ ತಿರುಗುವುದುಂಟೇ ಎಂದು ಊರು ಕೇಳಿತು. ಅದರ ಹಿಂದಿನ ವಾರವಷ್ಟೇ ಕುರಿಗಳನ್ನು ಯಾವ ದಂಡೆಯಲ್ಲಿ ಮೇಯಿಸಬೇಕು ಎಂಬುದಕ್ಕೆ ಇಬ್ಬರೂ ಮಾತಿಗೆ ಮಾತು ಬೆಳೆಸಿದ್ದರು. ಅದನ್ನು ಇದಕ್ಕೆ ಗಂಟು ಹಾಕಲು ಊರಿಗೆ ಎಷ್ಟು ಹೊತ್ತು ಬೇಕು? ನೋವಿನಲ್ಲಿ ಬೇಯುತ್ತಿದ್ದ ಬಸವಂತನ ಕಿವಿಗೆ ಆ ಗಂಟು ಬಿತ್ತು. ಬೀರದೇವ ಸಪ್ಪೆ ಮೋರೆ ಹಾಕಿಕೊಂಡು ಕುರಿಗಳ ಸಮೇತ ಆಚೆ ದಂಡೆಗೆ ಹೋಗಿ ಗುಡಿಸಲು ಹಾಕಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ನೋಡಿ ಎಂದು ಅದಕ್ಕೂ ಜನ ಅಂದರು.

ಕಡೆಗೆ, ಗಾಯ ಮಾಯ್ದ ಮೇಲೆ, ಬಸವಂತ ಹೇಳಿ ಕಳಿಸಿದ್ದು ಒಂದೇ ಮಾತು. ಬರುವ ರವಿವಾರ ಮಂಗಸೂಳಿ ಮಲ್ಲಯ್ಯನ ಮುಂದೆ ಬೀರದೇವ ಭಂಡಾರ ಎತ್ತಬೇಕು.

ಭಂಡಾರವೆಂದರೆ ಮಲ್ಲಯ್ಯನ ಅರಿಶಿನದ ಪುಡಿ. ಅದನ್ನು ಬಿಲ್ವಪತ್ರೆಯ ಜೊತೆ ಅಂಗೈಯಲ್ಲಿ ಎತ್ತಿ ಆಣೆ ಮಾಡಿದರೆ ಮುಗಿಯಿತು, ಮೇಲೆ ಕೋರ್ಟಿಲ್ಲ. ಸುಳ್ಳು ಎತ್ತಿದವನು ವರ್ಷ ದಾಟುವುದಿಲ್ಲ ಎನ್ನುತ್ತಾರೆ. ಖರೇ ಎತ್ತಿದವನೂ ಗೆದ್ದಂತಲ್ಲ. ಆಣೆ ಬೇಡಿದ ಮನೆಗೂ ಎತ್ತಿದ ಮನೆಗೂ ಅಲ್ಲಿಗೆ ಋಣ ಹರಿಯಿತು. ಮುಂದೆ ಒಂದು ಚರಿಗೆ ನೀರಿನ ಸಂಬಂಧವೂ ಇಲ್ಲ, ಒಬ್ಬರ ಹೆಣಕ್ಕೆ ಇನ್ನೊಬ್ಬರು ಹೆಗಲು ಕೊಡುವಂತಿಲ್ಲ. ಇದು ಅನುಸೂಯಾಳ ಎದೆ ಕೊರೆಯುತ್ತಿತ್ತು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಬೀರದೇವನಿಗೆ ಮೀಸೆ ಬಂದಿರಲಿಲ್ಲ, ಅವಳ ಕೈತುತ್ತು ತಿಂದು ಬೆಳೆದವನು. ಅವನು ಬೇಕೆಂದು ಚಾವಿ ತಿರುವಿದ ಎಂದು ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ಇತ್ತ ಗಂಡನ ಕೈ ಕಂಡಾಗಲೆಲ್ಲ, ಹಾಗಾದರೆ ಮಷೀನು ತಿರುಗಿದ್ದು ಹೇಗೆ ಎಂಬ ಪ್ರಶ್ನೆಯೂ ಬಿಡುತ್ತಿರಲಿಲ್ಲ. ನಾಳಿದ್ದೇ ರವಿವಾರ. ಅಷ್ಟರೊಳಗೆ ತನ್ನ ಕಣ್ಣಾರೆ ಒಮ್ಮೆ ನೋಡಬೇಕೆಂದು ಅವಳು ಇವತ್ತು ಹೊಳೆಗೆ ಬಂದಿದ್ದಳು. ಬಸವಂತನಿಗೆ ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ.

ಬೋಟು ಆವತ್ತಿನಿಂದ ಕಟ್ಟಿದಲ್ಲೇ ಇತ್ತು. ಚಿಕ್ಕೋಡಿಯ ಮೆಕ್ಯಾನಿಕ್ ಪಾರಿಸ ಬಂದು ನೋಡಿ ಹೋಗಿದ್ದ. ಬ್ಯಾಟರಿಗೆ ಮೀಟರಿನ ಸೂಜಿ ಚುಚ್ಚಿ ತುಂಬಿದೆ ಎಂದ. ಸ್ಟಾರ್ಟರು ಬಿಚ್ಚಿ ಅಂಗಡಿಗೆ ಒಯ್ದು ಸ್ವಚ್ಛ ಮಾಡಿ, ಅಲ್ಲಿ ತಿರುಗಿಸಿ ತಂದು ಕೂಡಿಸಿದ. ಚಾವಿ ತಿರುವಿದರೆ ಮತ್ತೆ ಟಕ್.

“ಒಂದೊಂದs ನೋಡಿದ್ರ ಎಲ್ಲಾ ಚಲೋ ಅದಾವ್ರಿ ವೈನಿ. ಕೂಡಿಸಿದ್ರ ಮಾತ್ರ ನಡ್ಯಾವಲ್ಲವು” ಎಂದು ಅವನು ತಲೆ ಕೆರೆದುಕೊಂಡಿದ್ದ.

“ನಮ್ಮ ಮನಿ ಕಥೀನs ಹೇಳಿದಿ ನೋಡಪಾ” ಎಂದಿದ್ದಳು ಅನುಸೂಯಾ. ಆಮೇಲೆ, ಒಬ್ಬರೇ ಇದನ್ನು ನೋಡಬೇಕಾದರೆ ಹೇಗೆ ನೋಡಬೇಕು ಎಂದು ಕೇಳಿದ್ದಳು. ಪಾರಿಸ ಅವಳ ಮೋರೆಯನ್ನೊಮ್ಮೆ ನೋಡಿ, ಬೇಡ ಎಂದರೆ ಕೇಳುವವಳಲ್ಲ ಎಂದು ತಿಳಿದು, ಎಲ್ಲ ಹೇಳಿಕೊಟ್ಟಿದ್ದ. ಬೋಟು ಹಿಂದೆ ಮುಂದೆ ಎರಡೂ ಕಡೆ ಕಟ್ಟಿರಬೇಕು. ಗೇರು ನ್ಯೂಟ್ರಲ್‌ನಲ್ಲಿರಬೇಕು, ಇಲ್ಲದಿದ್ದರೆ ಮಷೀನು ಹತ್ತಿದ ಕೂಡಲೇ ಬೋಟು ಜಿಗಿಯುತ್ತದೆ. ಸ್ಟಾಪಿನ ಸರಳು ಎಳೆದಿಟ್ಟಿರಬೇಕು, ಹಾಗಿದ್ದರೆ ಇಂಜಿನ್ನಿಗೆ ಡೀಸೆಲ್ ಹೋಗುವುದಿಲ್ಲ, ತಿರುಗಿದರೂ ಹತ್ತುವುದಿಲ್ಲ. “ಮುಖ್ಯ ಮಾತು ಅಂದ್ರ, ಇಂಜಿನ್ದಾಗ ಯಾರ ಕೈ ಇರತೈತಿ, ಚಾವಿ ಅವರ ಹಲ್ಲಾಗ ಇರಬೇಕ್ರಿ. ಮತ್ತ ಮೊದಲ ಕಟಗಿ ಮುಂದ ಮಾಡ್ರಿ, ಆಮ್ಯಾಲೆ ಕೈ.”

ಎಲ್ಲ ಹೇಳಿದ ಪಾರಿಸ ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಬ್ಯಾಟರಿಯ ತಲೆಯ ಮೇಲೆ ಹಳದಿ ಹೆಂಟೆಯಂತೆ ಭಂಡಾರ ಮೆತ್ತಿಕೊಂಡಿತ್ತು. ಜೈನ ಬಸ್ತಿಗೆ ಹೋಗುವವನಾದರೂ ಅದಕ್ಕೆ ಕೈ ಮುಗಿದು, ಅದರೊಳಗಿಂದಲೇ ಸೂಜಿ ಚುಚ್ಚಿದ್ದನೇ ಹೊರತು ಉಗುರಿನಷ್ಟನ್ನೂ ಕೆರೆದಿರಲಿಲ್ಲ. ಮಲ್ಲಯ್ಯನದನ್ನು ಕೆರೆಯಲು ಯಾರಿಗೆ ತಲೆ ಕೆಟ್ಟಿದೆ?

ಅದನ್ನು ಹಚ್ಚಿದವಳು ಅನುಸೂಯಾ. ಬೋಟು ತಂದ ದಿನದಿಂದ ಪ್ರತಿ ಅಮಾವಾಸ್ಯೆಗೆ ಭಂಡಾರಕ್ಕೆ ಎಣ್ಣೆ ಕಲಸಿ ಚುಕ್ಕಾಣಿಗೆ, ಇಂಜಿನ್ನಿಗೆ, ಬ್ಯಾಟರಿಗೆ ಹಚ್ಚಿ, ಗಂಡ ಮೈದುನರನ್ನು ಹೊಳೆಯಿಂದಲೂ ಮಷೀನಿನಿಂದಲೂ ಕಾಯಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು. ಇಂಜಿನ್ನಿನ ಜೀವ ಬ್ಯಾಟರಿಯೊಳಗಿದೆ ಎಂದು ಬಸವಂತ ಒಮ್ಮೆ ಹೇಳಿದ್ದ. ಜೀವವಿದ್ದಲ್ಲಿ ಜಾಸ್ತಿ ಇರಲಿ ಎಂದು ಅವಳು ಅಲ್ಲಿ ಬೊಗಸೆ ತುಂಬ ಹಚ್ಚಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು.

ಈಗ ಅವಳು ಹಗ್ಗ ಎರಡನ್ನೂ ಜಗ್ಗಿ ನೋಡಿದಳು. ಗೇರು ನೋಡಿದಳು. ಸ್ಟಾಪಿನ ಸರಳು ಎಳೆದಿಟ್ಟಳು. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಮೇಲೆ ಕಬ್ಬಿನ ಹೊಲದಲ್ಲಿ ಯಾರೋ ಎತ್ತುಗಳನ್ನು ಬಯ್ಯುವುದು ಕೇಳುತ್ತಿತ್ತು. ಮುಂದೆ ಹೋಗಿ ಚಾವಿ ತಿರುವಿದಳು.

ಟಕ್.

ಇನ್ನೊಮ್ಮೆ ತಿರುವಿ ಸ್ವಲ್ಪ ಹಿಡಿದಳು. ಮುಂದಿನ ಕೆಂಪು ದೀಪ ಮಂಕಾಯಿತು, ಇಂಜಿನ್ನಿನ ಕಡೆಯಿಂದ ಟಕಟಕ ಸದ್ದು ಬಂದು ನಿಂತಿತು. ಸಾಕೆಂದು ಚಾವಿ ಕಿತ್ತಳು, ಹಲ್ಲಲ್ಲಿ ಕಚ್ಚಿಕೊಂಡಳು. ಬಾಯಲ್ಲಿ ಕಬ್ಬಿಣದ ರುಚಿ. ಒಣಗಿದ ಬಿದಿರಿನ ಗಳವೊಂದನ್ನು ತೆಗೆದುಕೊಂಡು ಇಂಜಿನ್ನಿನ ಹತ್ತಿರ ಬಂದು, ದೂರದಿಂದಲೇ ಒಂದೊಂದು ವಾಯರನ್ನು ಅಲುಗಿಸುತ್ತ ಹೋದಳು. ಏನೂ ಆಗಲಿಲ್ಲ. ಕಡೆಗೆ ಬ್ಯಾಟರಿಯಿಂದ ಬರುವ ದಪ್ಪ ವಾಯರಿನ ಕೆಳಗೆ ಗಳದ ತುದಿ ಸಿಗಿಸಿ ಮೆಲ್ಲಗೆ ಎತ್ತಿದಳು.

ಗರ್ರನೆ ಇಂಜಿನ್ನು ತಿರುಗಿತು.

ಅನುಸೂಯಾಳ ಜೀವ ಬಾಯಿಗೆ ಬಂತು. ಕಿರುಚಬೇಕೆಂದರೆ ಹಲ್ಲಲ್ಲಿ ಚಾವಿ. ಬೆಲ್ಟು ಅವಳ ಕಣ್ಣ ಮುಂದೆ, ಒಂದು ಕೈ ಹೋಗುವ ಆ ಸಂದಿಯಲ್ಲೇ ಸರಸರ ಓಡುತ್ತಿತ್ತು. ಅವಳು ಗಳದಿಂದ ವಾಯರಿಗೆ ಒಂದೇಟು ಹಾಕಿದಳು. ವಾಯರು ಓರೆಯಾಯಿತು, ಇಂಜಿನ್ನು ನಿಂತಿತು.

ಅಲ್ಲೇ ಹಲಗೆಯ ಮೇಲೆ ಕುಸಿದು ಕೂತಳು. ಚಾವಿಯನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಚಾವಿ ಇಲ್ಲಿದೆ. ಮುಂದೆ ಯಾರೂ ಇಲ್ಲ. ಮಷೀನು ತಿರುಗಿದೆ. ದುರ್ಬಲ ಕರೆಂಟು ಬಂದರೆ ಸ್ಟಾರ್ಟರಿನ ಒಳಗಿನ ಸ್ವಿಚ್ಚು ಒಮ್ಮೊಮ್ಮೆ ಅಂಟಿಕೊಂಡು ಕೂಡುತ್ತದೆ, ಚಾವಿ ಬಿಟ್ಟರೂ ಬಿಡುವುದಿಲ್ಲ ಎಂದು ಪಾರಿಸ ಏನೋ ಹೇಳಿದ್ದ. ಆಗ ತಲೆಗೆ ಹೋಗಿರಲಿಲ್ಲ. ಈಗ ಹೋಯಿತು. ಒಳಗೆ ಸ್ವಿಚ್ಚು ಅಂಟಿ ಕೂತಿತ್ತು, ಹೊರಗೆ ವಾಯರು ಅಲುಗಿದ ಕೂಡಲೇ ಪೂರ್ತಿ ಕರೆಂಟು ನುಗ್ಗಿತು. ಅವತ್ತೂ ಆದದ್ದು ಇದೇ. ಬೀರದೇವ ಖರೇ ಹೇಳಿದ್ದ!

“ಯಳಕೋಟ ಮಲ್ಲಯ್ಯಾ, ನೀ ದೊಡ್ಡಾವಪಾ” ಎಂದು ಅವಳು ಎರಡೂ ಕೈ ಎತ್ತಿದಳು. ಅಷ್ಟರಲ್ಲಿ ವಾಸನೆ ಮೂಗಿಗೆ ಬಡಿಯಿತು.

ಅಡುಗೆ ಮಾಡುವ ಯಾವ ಹೆಂಗಸಿಗೂ ಆ ವಾಸನೆ ಗೊತ್ತು. ಒಗ್ಗರಣೆಯಲ್ಲಿ ಅರಿಶಿನ ಸೀದದ್ದು. ಅವಳು ಬಗ್ಗಿ ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಬೆರಳಿಟ್ಟಳು, ಚುರ್ ಎಂದಿತು. ಭಂಡಾರದ ಹೆಂಟೆ ಬಿರುಕು ಬಿಟ್ಟಿತ್ತು. ಮೇಲೆ ಹಳದಿ, ಒಳಗೆ ಕಂದು, ಬುಡದಲ್ಲಿ ಕರ್ರಗೆ ಸುಟ್ಟಿತ್ತು. ಟರ್ಮಿನಲ್ಲಿಗೂ ಅದನ್ನು ತಬ್ಬಿಕೊಂಡ ವಾಯರಿನ ಕ್ಲಾಂಪಿಗೂ ನಡುವೆ, ಲೋಹಕ್ಕೆ ಲೋಹ ತಾಗಬೇಕಾದ ಜಾಗದಲ್ಲಿ, ಅವಳ ಹೆಬ್ಬೆರಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒತ್ತಿ ಒತ್ತಿ ತುಂಬಿದ ಭಂಡಾರ. ಕರೆಂಟನ್ನು ಅಡ್ಡಗಟ್ಟಿ ನಿಂತದ್ದು ಅದು.

ಅವತ್ತು ಬಸವಂತನ ಕೂಗು ಕೇಳಿ ಅವಳು ದಂಡೆಯಿಂದ ಓಡಿ ಬಂದಾಗಲೂ ಬೋಟಿನಲ್ಲಿ ಈ ವಾಸನೆ ಇತ್ತು. ಆಗ ಯಾರಿಗೆ ಅದರ ಖಬರು?

ಮೈದುನನ ಮೇಲಿನ ಕಳಂಕ ಹೋಯಿತು ಎಂದು ಹಿಗ್ಗಿದ ಮನಸ್ಸು ಅಲ್ಲೇ ಕಲ್ಲಾಯಿತು. ಕಾಯಲಿ ಎಂದು ಹಚ್ಚಿದ್ದೇ ಕೈ ತಿಂದಿತ್ತು. ಯಾರನ್ನು ಬಯ್ಯುವುದು? ದೇವರನ್ನು ಬಯ್ಯುವಂತಿಲ್ಲ, ದೇವರು ಬ್ಯಾಟರಿಗೆ ಹಚ್ಚು ಎಂದು ಹೇಳಿರಲಿಲ್ಲ. ಒಂದು ಕ್ಷಣ ಅವಳಿಗೆ ಕೆಟ್ಟ ಆಸೆಯೂ ಬಂತು, ಸುಳ್ಳೇಕೆ ಹೇಳಬೇಕು. ಇದನ್ನೆಲ್ಲ ಕೆರೆದು ಹೊಳೆಗೆ ಚೆಲ್ಲಿ, ಮಷೀನು ತಾನಾಗಿ ತಿರುಗಿತು ಎಂದಷ್ಟೇ ಹೇಳಿದರೆ? ಬಸವಂತ ನಂಬುವುದಿಲ್ಲ. ಯಾಕೆ ತಿರುಗಿತು ಎಂದು ಕೇಳುತ್ತಾನೆ. ಆ ಯಾಕೆ ಎಂಬುದಕ್ಕೆ ಉತ್ತರ ಅವಳ ಹೆಬ್ಬೆರಳೊಂದೇ.

ಚಾವಿ ಮತ್ತೆ ಹಲ್ಲಿಗೆ ಹೋಯಿತು. ಪಾರಿಸ ಹೇಳಿದಂತೆ ಮೊದಲು ಮೈನಸ್ ಕಡೆಯ ವಾಯರು ಬಿಚ್ಚಿದಳು, ಆಮೇಲೆ ಪ್ಲಸ್ಸು. ಮನಸ್ಸಿನಲ್ಲಿ ತಪ್ಪಾಯಿತಪ್ಪಾ ಎನ್ನುತ್ತ ಚಾಕುವಿನಿಂದ ಭಂಡಾರವನ್ನೆಲ್ಲ ಕೆರೆದು, ಒಂದು ಚೂರೂ ಕಾಲಕೆಳಗೆ ಬೀಳದಂತೆ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು. ಟರ್ಮಿನಲ್ಲು ಕ್ಲಾಂಪು ಎರಡನ್ನೂ ಹೊಳೆಯುವ ತನಕ ತಿಕ್ಕಿದಳು. ಸ್ಟಾರ್ಟರಿನ ಬೆನ್ನಿಗೆ ಸುತ್ತಿಗೆಯ ಹಿಡಿಯಿಂದ ಮೆತ್ತಗೆ ಬಡಿದು, ಅಂಟಿದ ಸ್ವಿಚ್ಚು ಬಿಡಿಸಿ, ವಾಯರುಗಳನ್ನು ಕೂಡಿಸಿ ಬಿಗಿ ಮಾಡಿದಳು. ಚಾವಿ ತಿರುವಿದರೆ ಇಂಜಿನ್ನು ತಿರುಗಿತು, ಬಿಟ್ಟರೆ ನಿಂತಿತು. ಆಗ ಸ್ಟಾಪಿನ ಸರಳು ಒಳಗೆ ತಳ್ಳಿ ತಿರುವಿದಳು. ಇಷ್ಟು ದಿನ ಮೂಕವಾಗಿದ್ದ ಬೋಟು ಕರಿ ಹೊಗೆ ಉಗುಳಿ ಗುಡುಗುಡಿಸಿತು.

ಆ ಸದ್ದಿಗೆ ಬಸವಂತ ಹೊಲ ಹಾಯ್ದು ಓಡೋಡಿ ಬಂದ. “ಬೀರ್ಯಾ ಬಂದಾನೇನು? ಯಾರು ಹಚ್ಚಿದರು?”

“ನಾನs ಹಚ್ಚೀನ್ರಿ” ಎಂದು ಅವಳು ಇಂಜಿನ್ನು ನಿಲ್ಲಿಸಿದಳು. “ಬರ್ರಿ, ಕೂಡ್ರಿ. ಹೇಳೂದೈತಿ.”

ಅವನು ಕೂರಲಿಲ್ಲ. ನಿಂತೇ ಎಲ್ಲ ಕೇಳಿದ. ಚಾವಿ ಹಲ್ಲಲ್ಲಿರುವಾಗ ಮಷೀನು ತಿರುಗಿದ್ದನ್ನು ಅವಳು ಹೇಳಿದಾಗ ಮೋರೆ ಬಿಗಿಯಿತು.

“ಮೈದುನನ ವಕೀಲಿ ಮಾಡಾಕತ್ತಿ. ಅವ ನಿನ್ನ ಕಿವಿ ತುಂಬ್ಯಾನ.”

“ನನ್ನ ಮಾತ ನಂಬಬ್ಯಾಡ್ರಿ. ಇದನ್ನ ಮೂಸಿ ನೋಡ್ರಿ.” ಅವಳು ಸೆರಗಿನ ಗಂಟು ಬಿಚ್ಚಿ ಸುಟ್ಟ ಹೆಂಟೆಯನ್ನು ಅವನ ಮುಂದೆ ಹಿಡಿದಳು.

ಬಸವಂತ ಬೇಸರದಿಂದಲೇ ಬಗ್ಗಿದ. ಮೂಸಿದವನು ಇನ್ನೊಮ್ಮೆ ಮೂಸಿದ. ಮೋರೆಯ ಬಣ್ಣ ಇಳಿಯಿತು. ಆಮೇಲೆ ತನ್ನ ಮೊಂಡು ಕೈಯನ್ನು ನೋಡಿಕೊಂಡ.

“ಆವತ್ತ ಇದs ವಾಸನಿ ಬಂದಿತ್ತು. ನಾ ನನ್ನ ಬೆರಳ ಸುಟ್ಟ ವಾಸನಿ ಅಂತ ತಿಳಿದಿದ್ದೆ” ಎಂದ. ಹೆಂಟೆಯನ್ನು ಮುಟ್ಟಿ, “ಯಾರ ಹಚ್ಚಿದ್ದಿದು?” ಎಂದ. ಗೊತ್ತಿದ್ದೂ ಕೇಳಿದ.

“ನಾ ಹಚ್ಚಿದ್ದು. ನಿಮಗ ಏನೂ ಆಗಬಾರದು ಅಂತ ಹಚ್ಚಿದ್ದೆ.”

ಹೊಡೆಯುತ್ತಾನೆ, ಬಯ್ಯುತ್ತಾನೆ ಎಂದು ಅವಳು ಕಾದಳು. ಹೊಡೆದರೆ ಹಗುರಾಗುತ್ತಿತ್ತು. ಅವನು ಅವಳ ಮೋರೆ ನೋಡದೆ ಹಗ್ಗ ಬಿಚ್ಚಿ ಬೋಟಿನ ಮೂತಿಯಲ್ಲಿ ಹೋಗಿ ಕೂತ. “ಆಚಿ ದಂಡಿಗಿ ನಡಿ” ಎಂದ. ಅಷ್ಟೇ.

ಹೊಳೆ ದಾಟುವ ತನಕ ಅವನು ಹಿಂದಿರುಗಿ ನೋಡಲಿಲ್ಲ. ಚುಕ್ಕಾಣಿ ಹಿಡಿದ ಅನುಸೂಯಾಳಿಗೆ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿನಲ್ಲಿ ಏನಿದೆಯೋ ಅವಳಿಗೆ ಓದಲಾಗಲಿಲ್ಲ.

ಆಚೆ ದಂಡೆಯಲ್ಲಿ ಕುರಿಗಳ ನಡುವೆ ನಿಂತಿದ್ದ ಬೀರದೇವ ಬೋಟಿನ ಸದ್ದಿಗೆ ತಿರುಗಿ ನೋಡಿದ. ಮೂತಿಯಲ್ಲಿ ಅಣ್ಣ ಕೂತಿರುವುದು ಕಂಡು ಕೋಲು ಕೆಳಗಿಟ್ಟು, ಶಿಕ್ಷೆಗೆ ಬರುವವನ ಹಾಗೆ ನೀರಿನ ಅಂಚಿಗೆ ಬಂದ. ಬೋಟು ದಂಡೆಗೆ ತಾಗಿ ಅನುಸೂಯಾ ಇಂಜಿನ್ನು ನಿಲ್ಲಿಸಿದ್ದೇ ತಡ, ಅಣ್ಣನಿಗೆ ಬಾಯಿ ತೆರೆಯಲು ಬಿಡದೆ ತಾನೇ ಮಾತಾಡಿದ.

“ಅಣ್ಣಾ, ರವಿವಾರದ ತನಕಾ ಯಾಕ? ಈಗs ಹೇಳ್ತೀನಿ. ಚಾವಿ ನಾ ಬಿಟ್ಟಿರಲಿಲ್ಲ. ನಾನs ತಿರುವಿದೆ. ತಪ್ಪ ನಂದು. ಬೇಕಾದ್ರ ಹೊಡಿ, ಊರ ಮುಂದ ನಿಲ್ಲಸು. ಆದ್ರ ಭಂಡಾರ ಒಂದ ಎತ್ತಸಬ್ಯಾಡ. ಎತ್ತಿದ್ರ ನಿನ್ನ ಹೊಸ್ತಿಲ ತುಳಿಯಾಕ ಬರೂದಿಲ್ಲ ನನಗ.”

ಅನುಸೂಯಾ ಚುಕ್ಕಾಣಿ ಬಿಟ್ಟು ಮುಂದೆ ಬಂದಳು. ಮನೆ ಉಳಿಯಲಿ ಎಂದು ಮಾಡದ ತಪ್ಪು ಮೈಮೇಲೆ ಹಾಕಿಕೊಳ್ಳಲು ನಿಂತಿದ್ದಾನೆ ಹುಡುಗ! ತಾನು ಒಂದು ದಿನ ತಡಮಾಡಿದ್ದರೆ ಈ ಸುಳ್ಳೇ ಖರೇ ಆಗಿ ಕೂರುತ್ತಿತ್ತು.

ಬಸವಂತ ನೀರಿಗಿಳಿದು ತಮ್ಮನ ಮುಂದೆ ಹೋಗಿ ನಿಂತ.

“ಇಷ್ಟ ದಿವಸ ಖರೇ ಹೇಳಿದಿ, ನಾ ನಂಬಲಿಲ್ಲ. ಇವತ್ತ ಸುಳ್ಳ ಹೇಳಿ ನಂಬು ಅಂತಿಯೇನಲೇ?” ಎಂದ. ಮೊಂಡು ಕೈಯನ್ನು ತಮ್ಮನ ಹೆಗಲ ಮೇಲಿಟ್ಟು ತಲೆ ತಗ್ಗಿಸಿದ.

ಏನಾಯಿತು ಎಂಬುದನ್ನು ಬೀರದೇವನಿಗೆ ಅನುಸೂಯಾ ಹೇಳಿದಳು, ಏನನ್ನೂ ಮುಚ್ಚಲಿಲ್ಲ. ಅವನು ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಕೈಯನ್ನೇ ನೋಡಿದ. “ವೈನಿ, ಜನಾ ಅಂದೂ ಅಂದೂ ನನಗs ಸಂಶೇ ಬಂದಿತ್ರಿ. ನಿದ್ದ್ಯಾಗ ಚಾವಿ ತಿರುವಿದಂಗ ಆಗತಿತ್ತು” ಎಂದ. ಭಂಡಾರದ ಬಗ್ಗೆ ಅವಳನ್ನು ಒಂದು ಮಾತೂ ಅನ್ನಲಿಲ್ಲ.

ಕುರಿಗಳನ್ನು ಬೋಟಿಗೆ ಹತ್ತಿಸಿದ ಮೇಲೆ ಬೀರದೇವ ಚುಕ್ಕಾಣಿಯ ಹತ್ತಿರ ಬಂದು ನಿಂತ. ಆದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಬಸವಂತ ಚಾವಿ ಕಿತ್ತು ತನ್ನ ಹಲ್ಲಲ್ಲಿ ಕಚ್ಚಿಕೊಂಡು ಹಿಂದೆ ಹೋದ, ಬೆಲ್ಟು, ಕ್ಲಾಂಪು ಮುಟ್ಟಿ ನೋಡಿದ, ದೂರ ಸರಿದು ನಿಂತ. ಆಮೇಲೆ ಚಾವಿಯನ್ನು ಧೋತರಕ್ಕೆ ಒರೆಸಿ ತಮ್ಮನ ಕಡೆ ಚಾಚಿದ. “ಹಚ್ಚು” ಎಂದ. ಬೀರದೇವ ಬೆನ್ನ ಹಿಂದಿನ ಕೈ ಬಿಡಿಸಿ, ಚಾವಿ ಇಸಿದುಕೊಂಡು ತಿರುವಿದ. ಒಂದೇ ಸಲಕ್ಕೆ ಹತ್ತಿತು.

ಅನುಸೂಯಾ ಹಿಂದೆ ಕುರಿಗಳ ನಡುವೆ ಕೂತಿದ್ದಳು. ಅಣ್ಣತಮ್ಮಂದಿರು ಕೂಡಿದರು, ಅದು ಸಾಕು, ತನಗೆ ಬರುವುದು ಬರಲಿ ಎಂದುಕೊಂಡಿದ್ದಳು. ಸೆರಗಿನ ಗಂಟು ಭಾರವಾಗಿತ್ತು. ನಡುಹೊಳೆಗೆ ಬಂದಾಗ ಬಸವಂತ ಎದ್ದು ಬಂದು ಅವಳ ಪಕ್ಕ ಕೂತ.

“ಅದನ್ನ ಮನಿಗಿ ಒಯ್ಯಾಕ ಬರೂದಿಲ್ಲ. ಹೊಳಿಗಿ ಬಿಡಬೇಕು” ಎಂದು ಬಲಗೈ ಚಾಚಿದ. “ನನ್ನ ಕೈಯಾಗೂ ಒಂದೀಟ ಹಾಕು.”

ಅವಳು ಗಂಟು ಬಿಚ್ಚಿ ಅವನ ಅಂಗೈಗೆ ಸುಟ್ಟ ಭಂಡಾರ ಸುರಿದಳು. ಬೆರಳಿಲ್ಲದ ಸಂದಿಯಿಂದ ಅದು ಸೋರಿ ಅವಳ ಮಡಿಲಿಗೆ ಬಿತ್ತು. ಕೈಯಲ್ಲಿ ಉಳಿದಷ್ಟನ್ನು ಅವನು ನೀರಿಗೆ ಬಿಟ್ಟ.

“ರವಿವಾರ ಮಂಗಸೂಳಿಗೆ ಮೂವರೂ ಹೋಗೋಣು. ಹೊಸಾ ಭಂಡಾರ ನೀನs ತಗೋ” ಎಂದ.

“ತಂದು ಎಲ್ಲಿ ಹಚ್ಚಲ್ರಿ?” ಎಂದು ಅವಳು ಕೇಳಿದಳು.

“ನಮ್ಮ ಹಣಿಗಿ ಹಚ್ಚು. ಮಷೀನಿಗಿ ಬ್ಯಾಡ.”

ಅವಳು ತಲೆಯಾಡಿಸಿದಳು. ಮಡಿಲಿಗೆ ಬಿದ್ದ ಭಂಡಾರವನ್ನು ದಂಡೆ ಬರುವ ತನಕ ಕೊಡವಲಿಲ್ಲ.